ಹನ್ನೆರಡನೆಯ ಕೇಕು

ರಾದ್ಧಾಂತವೆಲ್ಲ ಶುರುವಾದದ್ದು ಅರ್ಧ ಲೀಟರ್ ಕೆನೆಯಿಂದ.

ಐಸ್‌ಲ್ಯಾಂಡಿನ ನಮ್ಮ ಊರು ಕಾಲ್ಡವಿಕ್‌ನಲ್ಲಿ ಒಂದು ಪದ್ಧತಿಯಿದೆ. ಚಳಿಗಾಲದಲ್ಲಿ ಮೇಲಿನ ಬಯಲಿನಲ್ಲಿ ಯಾರ ಗಾಡಿಯಾದರೂ ಹಿಮದಲ್ಲಿ ಹೂತುಹೋಗಿ, ಇನ್ನೊಬ್ಬರು ಹಗ್ಗ ಕಟ್ಟಿ ಎಳೆದುಹಾಕಿದರೆ, ಎಳೆಸಿಕೊಂಡವರ ಮನೆಯಿಂದ ಎಳೆದವರ ಮನೆಗೆ ಭಾನುವಾರ ಮಧ್ಯಾಹ್ನದೊಳಗೆ ಒಂದು ಕೆನೆ ಕೇಕು ಹೋಗಬೇಕು. ಮೂರು ಪದರದ್ದು, ನಡುವೆ ಜಾಮು, ಮೇಲೆ ಡಬ್ಬಿಯ ಪೀಚ್ ಹಣ್ಣಿನ ಹೋಳು. ಇದನ್ನು ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ. ಎಳೆಯುವುದರಲ್ಲಿ ಕೈ ಪಳಗಿದವರೇ ಯಾರೋ ಇರಬೇಕು.

ಆ ಚಳಿಗಾಲ ಕೆಟಿಲ್ ಹನ್ನೊಂದು ಸಲ ಎಳೆಸಿಕೊಂಡಿದ್ದ. ಹನ್ನೊಂದು ಕೇಕನ್ನೂ ಮಾಡಿದವಳು ಅವನ ಹೆಂಡತಿ ಓಡ್ನಿ. ಶುಕ್ರವಾರ ಸಂಜೆ ಅವಳು ಕಾಫಿಗೆಂದು ಅರ್ಧ ಲೀಟರ್ ಕೆನೆ ಕೊಳ್ಳಲು ಅಂಗಡಿಗೆ ಹೋದರೆ, ಕೌಂಟರಿನಲ್ಲಿದ್ದ ಹೆಂಗಸು, "ಮತ್ತೆ ಸಿಕ್ಕಿಹಾಕಿಕೊಂಡ್ನಾ?" ಎಂದು ಮರುಕದಿಂದ ಕೇಳಿದಳು. ಹಿಂದೆ ಸಾಲಿನಲ್ಲಿದ್ದ ಏಳೆಂಟು ಜನ ಕಿಸಕ್ಕೆಂದರು. ಓಡ್ನಿ ಕೆನೆಯ ಪೊಟ್ಟಣವನ್ನು ಕುಕ್ಕಿ, ಇಡೀ ಅಂಗಡಿಗೆ ಕೇಳುವಂತೆ ಹೇಳಿಬಿಟ್ಟಳು: "ಇನ್ನೊಂದು ಕೇಕು ಮಾಡೋ ಪ್ರಮೇಯ ಬಂದ್ರೆ ಆ ಗಾಡೀನ ಸೋಮವಾರಾನೇ ಮಾರಿಬಿಡ್ತೀನಿ!"

ಅವಳು ಮನೆ ತಲುಪುವ ಮೊದಲೇ ಮಾತು ಮನೆ ತಲುಪಿತ್ತು.

ಗಾಡಿ ಎಂದರೆ ಮೂವತ್ತೆರಡು ವರ್ಷದ ಒಂದು ಪಿಕಪ್. ಕೆಟಿಲನ ಮದುವೆಗಿಂತ ಹಳೆಯದು, ಮತ್ತು ಅವನ ಪ್ರಕಾರ ಅದಕ್ಕಿಂತ ಕಡಿಮೆ ತಂಟೆ ಕೊಟ್ಟದ್ದು. ಅದಕ್ಕೆ ಅವನ ಸೊಂಟದೆತ್ತರದ ಟಯರುಗಳು. ಅವು ಹಿಡಿಸಲಿ ಎಂದು ಚಕ್ರದ ಮೇಲಿನ ತಗಡನ್ನು ಗರಗಸ ಹಿಡಿದು ತಾನೇ ಕೊಯ್ದಿದ್ದ. ಹೊಳೆ ದಾಟುವಾಗ ಎಂಜಿನ್ ನೀರು ಕುಡಿಯದಿರಲೆಂದು ಉಸಿರಿನ ಕೊಳವೆಯನ್ನು ತಲೆಯ ಮೇಲಿನ ತನಕ ಏರಿಸಿದ್ದ. ಮೂತಿಗೆ ಒಂದು ವಿಂಚು, ಅಂದರೆ ಉಕ್ಕಿನ ಹಗ್ಗ ಸುತ್ತಿದ ಮೋಟಾರು ರಾಟೆ. ಸೀಟಿನ ಹಿಂದೆ ಟಯರಿಗೆ ಗಾಳಿ ತುಂಬುವ ಕಂಪ್ರೆಸರ್. ತುಕ್ಕು ತಿಂದ ಜಾಗಕ್ಕೆಲ್ಲ ತೇಪೆ ಹಾಕಿ ಹಾಕಿ, ಕಾರ್ಖಾನೆಯಿಂದ ಬಂದದ್ದರಲ್ಲಿ ಉಳಿದಿದ್ದು ಸ್ಟಿಯರಿಂಗು ಮತ್ತು ಒಂದು ಬೂದಿಬಟ್ಟಲು ಮಾತ್ರ ಎಂದು ಊರವರು ಆಡಿಕೊಳ್ಳುತ್ತಿದ್ದರು. ಕೆಟಿಲನಿಗೆ ಅದರ ಮೇಲೆ ಪ್ರಾಣ. ಆ ಗಾಡಿ ಹೋದರೆ ತಾನು ಏನು ಮಾಡಬೇಕು ಎಂಬುದನ್ನು ಯೋಚಿಸಲೂ ಅವನಿಗೆ ಧೈರ್ಯವಿರಲಿಲ್ಲ.

ಹಾಗಿದ್ದ ಮೇಲೆ ಶನಿವಾರ ಮನೆಯಲ್ಲಿ ಬಿದ್ದಿರಬೇಕಿತ್ತು ತಾನೆ? ಆದರೆ ಅದೇ ವಾರ ಅವನು ಗುಜರಿಯಿಂದ ಒಂದು ಸಣ್ಣ ಲಾರಿಯ ಸ್ಪ್ರಿಂಗುಗಳನ್ನು ತಂದು ಮುಂದಿನ ಚಕ್ರಗಳಿಗೆ ಕೂರಿಸಿದ್ದ. ಹೊಸ ಸ್ಪ್ರಿಂಗು ಹಾಕಿ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿಡುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಬೆಳಿಗ್ಗೆ ಆರಕ್ಕೆ, ಓಡ್ನಿ ಏಳುವ ಮೊದಲೇ, ಬೆಕ್ಕಿನ ಹೆಜ್ಜೆ ಇಟ್ಟು ಹೊರಬಿದ್ದ. ದಾರಿಯಲ್ಲಿ ಬೈಸಿಕೊಳ್ಳುವುದು ಬೇಡವೆಂದು ಫೋನನ್ನು ಬೇಕೆಂದೇ ಅಡುಗೆಮನೆಯಲ್ಲಿ ಬಿಟ್ಟ.

ಬಯಲಿನ ಅಂಚಿನಲ್ಲಿ ಟಯರಿನ ಗಾಳಿಯನ್ನು ಮೂರು ಪಾಯಿಂಟಿಗೆ ಇಳಿಸಿದ. ಗಾಳಿ ಕಡಿಮೆಯಾದಷ್ಟೂ ಟಯರು ಚಪ್ಪಟೆಯಾಗಿ ಹರಡಿಕೊಂಡು ಹಿಮದ ಮೇಲೆ ತೇಲುತ್ತದೆ. ಗಾಡಿ ತೇಲಿತು. ಹೊಸ ಸ್ಪ್ರಿಂಗು ಹಾಡಿತು. ಕೆಟಿಲನೂ ಹಾಡಿದ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕೆಳಗಿನ ಹಿಮ ಕುಸಿಯಿತು. ಅದರಡಿಯಲ್ಲಿ ಒಂದು ತೊರೆ ಇದ್ದದ್ದು ಅವನಿಗೆ ಮರೆತುಹೋಗಿತ್ತು. ಗಾಡಿ ಮೂತಿಯನ್ನು ನೀರಿಗಿಟ್ಟು, ಹಿಂಭಾಗವನ್ನು ಆಕಾಶಕ್ಕೆ ಎತ್ತಿ ನಿಂತಿತು.

"ಗಾಬರಿ ಇಲ್ಲ, ವಿಂಚಿದೆ," ಎಂದು ತನಗೆ ತಾನೇ ಹೇಳಿಕೊಂಡು ಕೆಟಿಲ್ ಮೊಣಕಾಲುದ್ದ ನೀರಿಗಿಳಿದು ಉಕ್ಕಿನ ಹಗ್ಗ ಬಿಚ್ಚಿದ. ನಲವತ್ತು ಮೀಟರ್ ಎಳೆದುಕೊಂಡು ಹೋದ. ಆಮೇಲೆ ಅದನ್ನು ಕಟ್ಟಲು ಸುತ್ತ ನೋಡಿದ. ಐಸ್‌ಲ್ಯಾಂಡಿನ ಬಯಲಿನಲ್ಲಿ ಮರ ಎಲ್ಲಿಂದ ಬರಬೇಕು? ಕೊನೆಗೆ ಸ್ಟೆಪ್ನಿ ಚಕ್ರವನ್ನು ಹಿಮದಲ್ಲಿ ಹೂತು, ಅದಕ್ಕೆ ಹಗ್ಗ ಬಿಗಿದು ಗುಂಡಿ ಒತ್ತಿದ. ಗಾಡಿ ಚಕ್ರದ ಕಡೆಗೆ ಬರುವ ಬದಲು ಚಕ್ರವೇ ನೆಲದಿಂದೆದ್ದು ಗಾಡಿಯ ಕಡೆಗೆ ಓಡಿಬಂತು. ಕೆಟಿಲ್ ಪಕ್ಕಕ್ಕೆ ಹಾರಿ ಬದುಕಿಕೊಂಡ.

ಅವನು ಮೂರನೆಯ ಸಲ ಚಕ್ರ ಹೂಳುತ್ತಿದ್ದಾಗ ಪಕ್ಕದ ಮನೆಯ ಬೆರ್ಗುರ್ ತನ್ನ ಹಳೆಯ ಪಿಕಪ್ಪಿನಲ್ಲಿ ಬಂದ. ಇಳಿಯಲಿಲ್ಲ. ಕಿಟಕಿ ಇಳಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಒಂದು ಗುಟುಕು ಕುಡಿದು ಕೇಳಿದ:

"ಏನಯ್ಯಾ, ಮೀನು ಸಿಕ್ತಾ?"

"ಬೆರ್ಗುರ್, ನಿನ್ನ ದಮ್ಮಯ್ಯ, ಎಳೆದುಹಾಕು. ಆದ್ರೆ ಊರಲ್ಲಿ ಬಾಯಿಬಿಡ್ಬೇಡ. ಓಡ್ನಿಗೆ ಗೊತ್ತಾದ್ರೆ ನನ್ನ ಗಾಡಿ ಹೋಯ್ತು!"

"ಹಂಗಾದ್ರೆ ಕೇಕು?"

"ಕೇಕು ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು ಮಾರಾಯ."

ಬೆರ್ಗುರ್ ಕಾಫಿ ಮುಗಿಸಿದ. ನೆರೆಮನೆಯವನಾಗಿ ಇಷ್ಟೂ ಮಾಡದಿದ್ದರೆ ಹೇಗೆ ಎಂದ. ಕೇಕಿನ ಮಾತೇ ಬೇಡ, ತನಗೆ ಅದರ ಆಸೆಯೇ ಇಲ್ಲ ಎಂದ. ಆಮೇಲೆ ಮೆಲ್ಲಗೆ, "ಆ ವಿಂಚು ಸುಮ್ನೆ ಮೂತಿಗೆ ಭಾರ ಅಲ್ವಾ ನಿಂಗೆ?" ಎಂದ.

ಗಾಡಿ ಹೊರಬಂದ ಮೇಲೆ ಇಬ್ಬರೂ ಸೇರಿ ನಾಲ್ಕು ಬೋಲ್ಟು ಬಿಚ್ಚಿ ವಿಂಚನ್ನು ಬೆರ್ಗುರನ ಗಾಡಿಗೆ ಸಾಗಿಸಿದರು. ಸ್ಪ್ಯಾನರು ಬೆರ್ಗುರನ ಜೇಬಿನಲ್ಲೇ ಇತ್ತು.

ವಿಂಚು ಹೋದರೆ ಹೋಗಲಿ, ಗಾಡಿ ಉಳಿಯಿತಲ್ಲ ಎಂದುಕೊಂಡು ಕೆಟಿಲ್ ಊರ ಕಡೆ ತಿರುಗಿದ. ಆದರೆ ಮೂತಿಯ ಭಾರ ಇಳಿದದ್ದೇ ತಡ, ಲಾರಿಯ ಸ್ಪ್ರಿಂಗು ತನ್ನ ಗುಣ ತೋರಿಸಿತು. ಗಾಡಿಯ ಮುಂಭಾಗ ಮೇಲೆದ್ದು, ಗಾಜಿನಲ್ಲಿ ಬಾನೆಟ್ಟೂ ಮೋಡವೂ ಬಿಟ್ಟರೆ ಬೇರೇನೂ ಕಾಣದಾಯಿತು. ಹೀಗೆ ಮೋಡ ನೋಡಿಕೊಂಡು ಓಡಿಸುತ್ತ ಅವನು ದಾರಿ ಬಿಟ್ಟು ಒಂದು ಮೆದು ಇಳಿಜಾರಿಗೆ ನುಗ್ಗಿದ. ಗಾಡಿ ಬಾಗಿಲಿನ ತನಕ ಹೂತಿತು. ಎಡಗಡೆಯ ಟಯರು ರಿಮ್ಮಿನಿಂದ ಕಳಚಿಕೊಂಡು ಜೋತುಬಿತ್ತು.

ಇದಕ್ಕೆ ನಮ್ಮಲ್ಲಿ ಒಂದು ಮದ್ದಿದೆ. ಟಯರಿನೊಳಗೆ ಲೈಟರಿನ ಗ್ಯಾಸು ಬಿಟ್ಟು, ದೂರ ನಿಂತು ಕಡ್ಡಿ ಗೀರಿ ಎಸೆದರೆ, ಢಮ್ಮೆಂದು ಸಿಡಿದು ಟಯರು ತಾನೇ ರಿಮ್ಮಿಗೆ ಹೋಗಿ ಕೂರುತ್ತದೆ. ಕೆಟಿಲ್ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ದೂರ ನಿಲ್ಲುವುದೊಂದನ್ನು ಮರೆತ. ಟಯರು ಕೂತಿತು. ಅವನೂ ಕೂತ. ಎದ್ದು ನೋಡಿಕೊಂಡರೆ ಬಲಗಡೆಯ ಹುಬ್ಬು ಇರಲಿಲ್ಲ.

ಸದ್ದಿಗೆ ಕೆಳಗಿನ ತೋಟದಮನೆಯಲ್ಲಿ ಕುದುರೆಗೆ ಇಂಜೆಕ್ಷನ್ ಕೊಡುತ್ತಿದ್ದ ಪಶುವೈದ್ಯೆ ಥೋರ್ದಿಸ್ ಓಡಿಬಂದಳು. ಅವಳದೂ ಎತ್ತರದ ಟಯರಿನ ಗಾಡಿಯೇ. ಕೆಟಿಲನ ಮುಖವನ್ನು ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು.

"ಕಣ್ಣು ನೆಟ್ಟಗಿದೆ. ಹುಬ್ಬು ಬೆಳೆಯತ್ತೆ. ಕುರಿ ಆಗಿದ್ರೆ ಇಷ್ಟೊತ್ತಿಗೆ ನಾಚ್ಕೊಂಡಿರೋದು," ಎಂದಳು.

"ಥೋರ್ದಿಸ್, ನಿನ್ನ ಕಾಲಿಗೆ ಬೀಳ್ತೀನಿ. ಎಳಿ, ಆದ್ರೆ ಯಾರಿಗೂ ಹೇಳ್ಬೇಡ. ಕೇಕು ಕೇಳ್ಬೇಡ."

"ಛೆ ಛೆ, ಕೇಕು ಯಾರಿಗೆ ಬೇಕು!" ಎಂದು ಥೋರ್ದಿಸ್ ಎರಡೂ ಕೈ ಅಡ್ಡಹಿಡಿದಳು. ಎಂಥ ದೊಡ್ಡ ಮನಸ್ಸು ಎಂದು ಕೆಟಿಲನ ಕಣ್ಣು ತುಂಬಿತು. ಆ ನೀರು ಕೆಳಗಿಳಿಯುವ ಮೊದಲೇ ಅವಳು ಸೀಟಿನ ಹಿಂದೆ ಇಣುಕಿ, "ಕಂಪ್ರೆಸರ್ ಚೆನ್ನಾಗಿ ನಡೀತಿದ್ಯಾ?" ಎಂದು ಕೇಳಿದಳು.

ಎಳೆದುಹಾಕಿದ ಮೇಲೆ ಥೋರ್ದಿಸ್ ಹಿಮಕ್ಕೆ ಬೇಕಾದ ಮೂರು ಪಾಯಿಂಟು ಗಾಳಿಯನ್ನು ಧಾರಾಳವಾಗಿ ತುಂಬಿಸಿ, ಕಂಪ್ರೆಸರನ್ನು ಕಂಕುಳಲ್ಲಿ ಹಿಡಿದು ಹೊರಟುಹೋದಳು.

ಹಿಮ ಮುಗಿದು ರಸ್ತೆ ಬಂತು. ರಸ್ತೆಗೆ ಇಪ್ಪತ್ತು ಪಾಯಿಂಟಾದರೂ ಬೇಕು. ತುಂಬಲು ಕಂಪ್ರೆಸರ್ ಇಲ್ಲ. ಬಯಲಿನಲ್ಲಿ ತೇಲಿದ ಟಯರು ಡಾಂಬರಿನ ಮೇಲೆ ಚಪ್ಪಲಿಯಂತೆ ಪಟಪಟ ಬಡಿಯುತ್ತಿತ್ತು. ಕೆಟಿಲ್ ನಡಿಗೆಯ ವೇಗದಲ್ಲಿ, ಮೋಡ ನೋಡುತ್ತ, ಉಸಿರು ಬಿಗಿಹಿಡಿದು ಎಂಟು ಕಿಲೋಮೀಟರ್ ಬಂದ. ಒಂದು ಕುರಿ ಅವನನ್ನು ಹಿಂದೆ ಹಾಕಿತು. ಊರಿನ ಚರ್ಚಿನ ಗೋಪುರ ಕಾಣುತ್ತಲೇ ಹಿಗ್ಗಿನಿಂದ ಒಂದಿಷ್ಟು ಹೆಚ್ಚು ಒತ್ತಿದ್ದೇ ತಪ್ಪಾಯಿತು. ಕೊನೆಯ ತಿರುವಿನಲ್ಲಿ ಎಡಗಡೆಯ ಟಯರು ಮತ್ತೆ ಕಳಚಿ, ಗಾಡಿ ಸೀದಾ ಹಾಫ್ಲಿದಿಯ ಹೊಲದ ಚರಂಡಿಗೆ ಇಳಿಯಿತು.

ಹಾಫ್ಲಿದಿ ನಮ್ಮೂರ ಅಂಚೆಯವನು. ಊರಿನ ಸುದ್ದಿಯನ್ನೆಲ್ಲ ಲಕೋಟೆಯ ಹೊರಗಿನಿಂದಲೇ ತಿಳಿದುಕೊಳ್ಳುವ ಮನುಷ್ಯ. ಅವನು ಟ್ರ್ಯಾಕ್ಟರನ್ನು ಆಗಲೇ ಚಾಲೂ ಮಾಡಿಕೊಂಡು ಬೇಲಿಯ ಪಕ್ಕ ನಿಂತಿದ್ದ.

"ಕೇಕು ಬೇಡ," ಎಂದ, ಕೆಟಿಲ್ ಬಾಯಿ ತೆರೆಯುವ ಮೊದಲೇ. "ಬಾಯಿ ಬಿಡಲ್ಲ. ಹೆದರ್ಬೇಡ."

"ಹಾಫ್ಲಿದಿ, ನೀನು ದೇವರಂಥವನು."

"ಆದ್ರೆ ಗಾಳೀನೇ ಇಲ್ಲದ ಟಯರು ಇಟ್ಕೊಂಡು ನೀನೇನ್ ಮಾಡ್ತೀಯ? ನಮ್ಮ ಕೊಟ್ಟಿಗೇಲಿ ನಾಲ್ಕು ಹಳೇ ಚಕ್ರ ಇದೆ, ನಿನ್ ಗಾಡಿಗೇ ಸರಿಹೋಗೋದು. ಮನೆ ತನಕ ಏನೂ ತೊಂದ್ರೆ ಇಲ್ಲ."

ಕೆಟಿಲ್ ಟಯರುಗಳನ್ನು ನೋಡಿದ. ಅವನ್ನು ಕೂರಿಸಲು ಅವನಿಗೆ ಎರಡು ಚಳಿಗಾಲ ಹಿಡಿದಿತ್ತು. ಆಮೇಲೆ ಚರಂಡಿಯಲ್ಲಿ ವಾಲಿ ನಿಂತ ಗಾಡಿಯನ್ನು ನೋಡಿದ. ಅಲ್ಲಿಂದ ಅವನ ಮನೆ ಮುನ್ನೂರು ಹೆಜ್ಜೆ. ಇಲ್ಲಿಯವರೆಗೆ ತಂದು ಈಗ ಗಾಡಿಯನ್ನೇ ಬಿಟ್ಟುಕೊಡುವುದೆ? "ಜಾಕು ತಗೊಂಡ್ಬಾ," ಎಂದ.

ಮಧ್ಯಾಹ್ನ ಮೂರಕ್ಕೆ ಕೆಟಿಲನ ಪಿಕಪ್ಪು ಯಾರ ಹಗ್ಗವೂ ಇಲ್ಲದೆ, ತನ್ನ ಸ್ವಂತ ಬಲದಲ್ಲಿ ಅಂಗಳಕ್ಕೆ ಬಂದು ನಿಂತಿತು. ಎಮ್ಮೆಗೆ ಆಡಿನ ಕಾಲು ಜೋಡಿಸಿದ ಹಾಗಿತ್ತು. ಆದರೂ ಅವನು ಎದೆಯುಬ್ಬಿಸಿ ಅಡುಗೆಮನೆಗೆ ಬಂದ. ಓಡ್ನಿ ಕಿಟಕಿಯಲ್ಲಿ ನಿಂತು ಹೊರಗೆ ನೋಡುತ್ತಿದ್ದಳು.

"ಗಾಡಿ ಯಾಕೋ ಕುಳ್ಳಗಾಗಿದೆ."

"ಸ್ವಲ್ಪ ತಗ್ಗಿಸ್ದೆ."

"ಆ ಹುಬ್ಬು?"

"ಅದನ್ನೂ ಸ್ವಲ್ಪ ತಗ್ಗಿಸ್ದೆ."

"ಎಳೆಸಿಕೊಂಡ್ಯಾ?"

"ನಾನಾ? ಒಂದ್ ಸಲಾನೂ ಇಲ್ಲ! ಬೇಕಾದ್ರೆ ಊರಲ್ಲಿ ಯಾರನ್ನ ಬೇಕಾದ್ರೂ ಕೇಳು."

"ಅಯ್ಯೋ, ಎಳೆಸಿಕೊಂಡಿದ್ರೂ ಏನಾಗ್ತಿರಲಿಲ್ಲ ಬಿಡು," ಎಂದಳು ಓಡ್ನಿ, ಕಾಫಿ ಬಗ್ಗಿಸುತ್ತ. "ರಾತ್ರಿ ಮಲಗಿ ಯೋಚ್ನೆ ಮಾಡ್ದೆ. ಗಾಡಿ ಮಾರಿದ್ರೆ ನೀನು ಪ್ರತಿ ಶನಿವಾರ ಮನೇಲೇ ಇರ್ತೀಯ ಅನ್ನೋದು ಹೊಳೀತು. ಎದೆ ಧಸಕ್ ಅಂತು. ಬೆಳಿಗ್ಗೆ ಎದ್ದು ಹೇಳೋಣ ಅಂದ್ರೆ ನೀನಿಲ್ಲ, ಫೋನು ಇಲ್ಲೇ ಬಿದ್ದಿದೆ. ಅದಕ್ಕೇ ಏಳು ಗಂಟೆಗೇ ಈಜುಕೊಳಕ್ಕೆ ಹೋದಾಗ ಬಿಸಿನೀರಿನ ತೊಟ್ಟೀಲಿ ಕೂತಿದ್ದವರಿಗೆಲ್ಲ ಹೇಳ್ಬಿಟ್ಟೆ. ಗಾಡಿ ಮಾರಲ್ಲ, ಆದ್ರೆ ನಾನು ಇನ್ನು ಕೇಕೂ ಮಾಡಲ್ಲ. ಕೆಟಿಲ್‌ನ ಯಾರು ಎಳೀತಾರೋ ಅವರಿಗೆ ಕೆಟಿಲ್ಲೇ ಕೈಯಾರೆ ಕೇಕು ಮಾಡಿ ಕೊಡ್ತಾನೆ ಅಂತ."

ಕೆಟಿಲ್ ಕುರ್ಚಿ ಹುಡುಕಿಕೊಂಡು ಕೂತ.

"ತೊಟ್ಟೀಲಿ... ಯಾರ್ಯಾರಿದ್ರು?"

"ಬೆರ್ಗುರ್ ಇದ್ದ. ಥೋರ್ದಿಸ್ ಇದ್ಳು. ಹಾಫ್ಲಿದಿ. ಅವರ ಮುಖ ನೋಡ್ಬೇಕಿತ್ತು ನೀನು! ಹೋದ್ವರ್ಷ ನನ್ನ ಹುಟ್ಟುಹಬ್ಬಕ್ಕೆ ನೀನು ಮಾಡಿದ್ಯಲ್ಲ ಒಂದು ಕೇಕು, ಬೆರ್ಗುರ್ ಈಗ್ಲೂ ಅದರ ಕನಸು ಬಿದ್ದು ಬೆಚ್ಚಿಬೀಳ್ತಾನಂತೆ. ದಾರೀಲಿ ಸಿಕ್ರೆ ನಿಂಗೆ ವಿಷಯ ಹೇಳಿ ಅಂದಿದ್ದೆ. ಹೇಳ್ಲಿಲ್ವಾ?"

ಮೂರು ಕೇಕು. ಹಿಟ್ಟು, ಮೊಟ್ಟೆ, ಕೆನೆ, ಒಂದು ಡಬ್ಬಿ ಪೀಚು. ಅಷ್ಟಕ್ಕೆ ಮುಗಿಯುತ್ತಿತ್ತು. ಕೆಟಿಲನ ಬಾಯಿಗೆ ಒಂದು ದೊಡ್ಡ ಕೂಗು ಬಂತು. ಆದರೆ ಕೂಗಿದರೆ ಮೂರು ಸಲ ಎಳೆಸಿಕೊಂಡದ್ದನ್ನೂ, ಈಗತಾನೆ ಹೇಳಿದ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಅವನು ಕೂಗನ್ನು ಕಾಫಿಯ ಜೊತೆ ನುಂಗಿದ.

"ಯಾರೂ ಸಿಗ್ಲಿಲ್ಲ," ಎಂದ.

"ಹೋಗ್ಲಿ ಬಿಡು. ಇನ್ನು ನಿಶ್ಚಿಂತೆಯಾಗಿ ಓಡಾಡ್ಕೊಂಡಿರು," ಎಂದು ಓಡ್ನಿ ಪ್ರೀತಿಯಿಂದ ಅವನ ಬೆನ್ನು ತಟ್ಟಿದಳು. "ಮುಂದಿನ ಶನಿವಾರ ಎಲ್ಲಿಗೆ ಸವಾರಿ? ಬೆಳಿಗ್ಗೇನೇ ಹೊರಟ್ಬಿಡು. ಬುತ್ತಿ ಕಟ್ಕೊಡ್ತೀನಿ."

ಕೆಟಿಲ್ ಕಿಟಕಿಯ ಕಡೆ ನೋಡಿದ. ಅಂಗಳದಲ್ಲಿ ಗಾಡಿ ಆ ಸಣಕಲು ಚಕ್ರಗಳ ಮೇಲೆ, ಮೂತಿ ಮೇಲೆತ್ತಿಕೊಂಡು ನಿಂತಿತ್ತು. ಬಯಲಿಗಿರಲಿ, ಅದು ಬೇಲಿಯ ಆಚೆಯ ಹಿಮವನ್ನೂ ದಾಟುವಂತಿರಲಿಲ್ಲ.

"ಎಲ್ಲಿಗೂ ಇಲ್ಲ," ಎಂದ. "ಮನೇಲೇ ಇರ್ತೀನಿ. ಆ ಶನಿವಾರಾನೂ, ಅದರ ಮುಂದಿನ ಶನಿವಾರಾನೂ."

ಹನ್ನೊಂದು ಕೇಕು ಮಾಡುವಾಗಲೂ ಓಡ್ನಿಯ ಮುಖ ಅಷ್ಟು ಸಪ್ಪಗಾಗಿರಲಿಲ್ಲ.