ನಮ್ಮ ನಾದಿನಿ ಹೆಣವಾದ ಕತೆ

ಮನೆಯಲ್ಲಿ ಒಬ್ಬಳು ನಟಿ ಇದ್ದರೆ ಊರೆಲ್ಲ ನಾಟಕ ಆಡತೊಡಗುತ್ತದೆ. ಆಕೆಯೊಬ್ಬಳೇ ಸಾದಾ ಮನುಷ್ಯಳಾಗಿ ಉಳಿಯುತ್ತಾಳೆ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಹುಕ್ಕೇರಿಯ ನಮ್ಮ ಮನೆಯಲ್ಲಿ ಕಂಡದ್ದು.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಆ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ನಮ್ಮ ಓಣಿಗೆ ಬಂದ ಸೊಸೆಯರಲ್ಲಿ ಬಿ.ಎ. ಪಾಸಾದವಳು ನಾನೇ ಮೊದಲು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ. ನಮ್ಮವರಿಗೆ ಒಬ್ಬಳೇ ತಂಗಿ. ಹಿತ್ತಿಲಲ್ಲಿ ನಿಂತು ಆಕೆ ಆಕಳನ್ನು ಕರೆದರೆ ಪೇಟೆಯಲ್ಲಿದ್ದವರು ತಿರುಗಿ ನೋಡುತ್ತಿದ್ದರು, ಅಂಥ ಗಂಟಲು. ಆ ಗಂಟಲೇ ಆಕೆಯನ್ನು ನಾಟಕ ಕಂಪನಿಗೆ ಕರೆದೊಯ್ದಿತು. ಅಣ್ಣ, ಅಂದರೆ ನಮ್ಮವರು, ಒಪ್ಪಿದರು. ನಾನಂತೂ ಮೊದಲೇ ಒಪ್ಪಿದ್ದೆ. ಆಕೆ ಯಾವ ಊರಲ್ಲಿ ಯಾವ ಪಾತ್ರ ಮಾಡಿದಳು ಎಂಬುದನ್ನು ಕರಪತ್ರಗಳ ಸಮೇತ ಜೋಡಿಸಿ ಇಟ್ಟವಳೂ ನಾನೇ.

ಒಪ್ಪದವರು ನಮ್ಮ ಅತ್ತೆ. ಅವರು ಮಗಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಬಂದಾಗ ಉಣಿಸಿದರು, ಎಣ್ಣೆ ಹಚ್ಚಿ ಎರೆದರು. ಆದರೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿಬಿಟ್ಟರು.

"ಪರಗಂಡಸರ ಮುಂದ ಬಾಯಿ ತಗದು ಮಾತಾಡೂದು, ಹಾಡೂದು, ಅವರ ಮಾರಿ ನೋಡಿ ನಗೂದು, ಇದನ್ನೆಲ್ಲಾ ನೀ ಮಾಡು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಾ ಕಣ್ಣಿಲೆ ನೋಡಾಕ ಬರೂದಿಲ್ಲ."

ನಾದಿನಿಗೆ ಅದೊಂದೇ ಕೊರಗು. "ವೈನಿ, ಎಷ್ಟು ಮಂದಿ ಚಪ್ಪಾಳಿ ಹೊಡದ್ರೂ ನನಗ ಮುಂದಿನ ಸಾಲಿನ್ಯಾಗ ಒಂದು ಜಾಗಾ ಖಾಲಿ ಕಾಣತೈತಿ. ಒಮ್ಮೆ ಅವ್ವ ಬಂದು ಅಲ್ಲಿ ಕುಂತ್ರ ಸಾಕು" ಎನ್ನುತ್ತಿದ್ದಳು. ಆ ಜಾಗ ತುಂಬುವುದಕ್ಕೆ ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಏನೇನೋ ಆಗಿಹೋಯಿತು.

ಗೋಕಾಕದ ಮಾವಿನಹಣ್ಣು

ಕಂಪನಿ ಗೋಕಾಕದಲ್ಲಿ ಕ್ಯಾಂಪು ಹಾಕಿತ್ತು. ಆ ಊರಲ್ಲಿ ಕಟ್ಟಿಗೆಯಿಂದ ಹಣ್ಣು-ಕಾಯಿ ಕೆತ್ತಿ ಬಣ್ಣ ಹಚ್ಚುವ ಮನೆತನಗಳಿವೆ. ಅವರ ಮಾವಿನಹಣ್ಣನ್ನು ಕಂಡರೆ ಗಿಳಿಯೂ ಕೊಕ್ಕು ಚಾಚಬೇಕು.

ನಾಟಕದಲ್ಲಿ ನಮ್ಮ ನಾದಿನಿ ಋಷಿಕನ್ಯೆ. ಬೇಟೆಗೆ ಬಂದ ರಾಜಕುಮಾರನಿಗೆ ಆಕೆ ಹಣ್ಣು ಕೊಡಬೇಕು. ಕಂಪನಿಯ ಮಾಲೀಕರು ದಿನಾಲೂ ನಿಜವಾದ ಹಣ್ಣನ್ನೇ ತರಿಸುತ್ತಿದ್ದರು. ಆದರೆ ಆ ಪ್ರವೇಶ ಬರುವುದರೊಳಗೆ ಋಷಿಯ ಪಾತ್ರದವರು ಅದನ್ನು ತಿಂದು ಧ್ಯಾನಕ್ಕೆ ಕೂತಿರುತ್ತಿದ್ದರು. ಬೇಸತ್ತ ಮಾಲೀಕರು ಪೇಟೆಗೆ ಹೋಗಿ ಒಂದು ಬುಟ್ಟಿ ಕಟ್ಟಿಗೆಯ ಹಣ್ಣು ತಂದರು. ರಾಜಕುಮಾರನಿಗೆ ಹೇಳುವುದನ್ನು ಮಾತ್ರ ಮರೆತರು.

ಆ ರಾಜಕುಮಾರನೋ, ಕಚ್ಚಿ ತಿನ್ನದಿದ್ದರೆ ಅದು ಅಭಿನಯವೇ ಅಲ್ಲ ಎನ್ನುವ ಪೈಕಿ. ಹಣ್ಣು ಬಾಯಿಯ ಹತ್ತಿರ ಒಯ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಬಡಿಗೇರರೊಬ್ಬರು ಎದ್ದು ನಿಂತು, "ರಾಜಕುಮಾರ, ಕಚ್ಚಬ್ಯಾಡಪಾ, ಅದು ನಮ್ಮ ಮನ್ಯಾಗ ಆಗಿದ್ದು" ಎಂದರು. ಯಾರೋ ಚೇಷ್ಟೆ ಮಾಡುತ್ತಿದ್ದಾರೆಂದು ರಾಜಕುಮಾರ ಅವರ ಕಡೆಗೆ ರಾಜಠೀವಿಯಿಂದ ಒಮ್ಮೆ ನೋಡಿ, ಬಲವಾಗಿ ಕಚ್ಚಿದ. ಕಟ್ ಎಂಬ ಸದ್ದು ಹಿಂದಿನ ಸಾಲಿನವರೆಗೂ ಕೇಳಿತು.

ನಾದಿನಿ ಬಾಯಿಪಾಠದಂತೆ ಕೇಳಿದಳು: "ಹೇಗಿದೆ ಪ್ರಭು, ನಮ್ಮ ವನದ ಹಣ್ಣು?"

ರಾಜಕುಮಾರ ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಉತ್ತರಿಸಿದ: "ಅಮೃತ."

"ಬಾಯಾರ, ಸಾಹೇಬ್ರಿಗೆ ಇನ್ನೊಂದು ಕೊಡ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಮರುದಿನ ಬೆಳಿಗ್ಗೆ ಆ ಬಡಿಗೇರರು ಕ್ಯಾಂಪಿಗೆ ಬಂದರು. ಪಾಪ, ರಾಜಕುಮಾರನನ್ನು ವಿಚಾರಿಸಲು ಬಂದಿದ್ದಾರೆಂದು ಎಲ್ಲರೂ ತಿಳಿದರು. ಅವರು ಮಾವಿನಹಣ್ಣು ಕೇಳಿ ಪಡೆದು, ತಿರುತಿರುಗಿಸಿ ನೋಡಿ, ಮಾಲೀಕರ ಕೈಗೆ ಕೊಟ್ಟರು. "ನೋಡ್ರಿ, ಬಣ್ಣ ಸುದ್ಧಾ ಹಾರಿಲ್ಲ. ಅಲ್ರಿ, ನಿಮ್ಮ ರಾಜಕುಮಾರನ ಹಲ್ಲು ಯಾರು ಮಾಡಿದ್ರು?"

ಮೂಡಲಗಿಯ ಕುಬಸ

ಈ ಸುದ್ದಿಯನ್ನು ಅತ್ತೆಗೆ ಹೇಳಿದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ, "ನಗಿ ಬಂತಂತ ನೋಡಾಕ ಬರ್ತೇನಂತ ತಿಳೀಬ್ಯಾಡ" ಎಂದು ರೊಟ್ಟಿ ಬಡಿಯಲು ಎದ್ದರು.

ಮುಂದೆ ಕಂಪನಿ ಮೂಡಲಗಿಗೆ ಹೋಯಿತು. ಅಲ್ಲಿ ಆಡಿದ್ದು ಸಂಸಾರದ ನಾಟಕ. ನಾದಿನಿ ಬಸುರಿ ಸೊಸೆ. ಮೊದಲ ಬಸಿರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಅಡಿಗೆ ತಂದು ಉಡಿ ತುಂಬುವುದಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ನಾಟಕದ ಕೆಟ್ಟ ಅತ್ತೆ ಹೀಗೆ ಕುಬಸ ತಂದ ಬೀಗರನ್ನು ಬಾಗಿಲಲ್ಲಿಯೇ ಬೈದು ಹಿಂದಕ್ಕೆ ಅಟ್ಟುತ್ತಾಳೆ. ಸೊಸೆ ಕಂಬ ಹಿಡಿದು ಅಳುತ್ತಾಳೆ. ನಮ್ಮ ನಾದಿನಿ ಅತ್ತ ಅಳುವಿಗೆ ಹೆಣ್ಣುಮಕ್ಕಳ ಕಡೆಯ ಚಾಪೆಗಳು ಒದ್ದೆಯಾದವೆಂದು ಹೇಳುತ್ತಾರೆ.

ಮರುದಿನ ಆಕೆ ಡೇರೆಯ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ವಾಜಂತ್ರಿಯ ಸದ್ದಾಯಿತು. ತಿರುಗಿ ನೋಡಿದರೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಸಾಲು. ಮುಂದೆ ಒಬ್ಬ ಕುರುಬರ ಅಜ್ಜಿ.

"ತಾಯಿ, ನಿನ್ನಿ ನಿನ್ನ ಅತ್ತಿ ಮಾಡಿದ್ದು ನೋಡಿ ನಮಗ ಊಟ ಸೇರಲಿಲ್ಲ. ತವರಿನವರನ್ನ ತಿರುಗಿ ಕಳಿಸಿದ್ರ ಏನಾತು, ನಾವು ಅದೇವಿ. ಕುಂದರು."

"ಅಜ್ಜಿ, ಅದು ನಾಟಕರಿ. ನಂದಿನ್ನೂ ಮದಿವೀನ ಆಗಿಲ್ಲ."

ಅಜ್ಜಿ ಆಕೆಯ ಗಲ್ಲ ಸವರಿದಳು. "ಇರಲಿ ಬಿಡವ್ವ. ಅತ್ತಿ ಅಂಜಿಕಿಗೆ ಹಂಗ ಅಂತೀ. ನಮಗ ತಿಳಿಯೂದಿಲ್ಲೇನು?"

ಮಣೆ ಹಾಕಿ ಕೂಡಿಸಿದರು. ಬಳೆ ಇಡಿಸಿದರು. ಉಡಿ ತುಂಬಿ ಹೋಳಿಗೆ ತಿನ್ನಿಸಿದರು. ಅತ್ತೆಯ ಪಾತ್ರ ಮಾಡಿದ ನಟಿ ನಿಜದಲ್ಲಿ ಇರುವೆಗೂ ಕೇಡು ಬಯಸದವರು. ಎಲ್ಲರಿಗೂ ಚಹಾ ಮಾಡಿಕೊಂಡು ಬಂದರೆ ಒಬ್ಬರೂ ಮುಟ್ಟಲಿಲ್ಲ. "ಇದರಾಗ ಏನ್ ಹಾಕಿ ತಂದಾಳೋ" ಎಂದು ಒಬ್ಬಾಕೆ ಕೇಳುವಂತೆಯೇ ಅಂದಳಂತೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಹಸಿರು ಬಳೆ ಮಾರಿದ ಬಳೆಗಾರ ಹುಕ್ಕೇರಿಯ ಸಂತೆಗೂ ಬರುವವನು. ನಮ್ಮ ಮನೆಯ ಕಟ್ಟೆಯ ಮೇಲೆ ಬಳೆಯ ಮಲ್ಲಾರ ಇಳಿಸಿ ಅತ್ತೆಗೆ ಹೇಳಿದ: "ಅಕ್ಕಾರ, ಮೂಡಲಗ್ಯಾಗ ಮಗಳ ಕುಬಸಕ್ಕ ನನ್ನ ಬಳೀನ ಹ್ವಾದವು. ಭಾಳ ಚಂದ ಆತು. ನಿಮ್ಮನ್ನ ಒಬ್ಬರನ್ನ ಕಾಣಲಿಲ್ಲ."

ಅತ್ತೆ ಅಲ್ಲಿಯೇ ಕೂತುಬಿಟ್ಟರು. ನಾನು ನೀರು ಕೊಟ್ಟು ನಾಟಕದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಅಂಕ ಅಂಕವಾಗಿ ಹೇಳಿದೆ. ಅವರು ಪೂರ್ತಿ ಕೇಳಿ ನಿಟ್ಟುಸಿರು ಬಿಟ್ಟರು.

"ಮೂಡಲಗಿ ಮಂದಿ ಛಲೋ ಅದಾರ. ಕುಬಸ ಮಾಡಿ ಮುಗಿಸ್ಯಾರ. ಹಂಗ ವರಾ ಹುಡಕೂದೂ ಅವರಿಗೇ ಹೇಳಿ ಬಿಡು. ಸ್ವಲ್ಪ ಹಿಂದ-ಮುಂದ ಆದ್ರೂ ಅಡ್ಡಿ ಇಲ್ಲ."

ಮಾತಿಲ್ಲದ ಪಾತ್ರ

ಅರವತ್ತರ ದಶಕ ಬರುವ ಹೊತ್ತಿಗೆ ನಾದಿನಿಯ ಹೆಸರು ದೊಡ್ಡದಾಗಿತ್ತು. ವರ ಮಾತ್ರ ಮೂಡಲಗಿಯವರಿಗೂ ಸಿಕ್ಕಿರಲಿಲ್ಲ. ಗೋಕಾಕದಲ್ಲಿ ಆಕೆಯ ನಾಟಕ ನೋಡಿದ ಸಿನಿಮಾ ಡೈರೆಕ್ಟರರೊಬ್ಬರು, ಮೈಸೂರು ಕಡೆಯವರು, "ಇಂಥ ಕಂಠ ನಾನು ಕೇಳೇ ಇಲ್ಲ" ಎಂದು ಹೊಗಳಿ ಮದರಾಸಿಗೆ ಬರಹೇಳಿದರು. ಅತ್ತೆ ನನಗೆ ಜೊತೆಗೆ ಹೋಗಲು ಹೇಳಿದರು. ಓದಿದವಳೊಬ್ಬಳು ಜೊತೆಯಲ್ಲಿರಲಿ ಎಂದು.

ಕತೆ ಹೀಗಿತ್ತು. ಶ್ರೀಮಂತರ ಮನೆಯಲ್ಲಿ ನಾಳೆ ಮದುವೆ ಎನ್ನುವಾಗ ಅಜ್ಜಿ ತೀರಿಕೊಳ್ಳುತ್ತಾಳೆ. ಸುದ್ದಿ ಹೊರಬಿದ್ದರೆ ಸೂತಕ, ಮದುವೆ ನಿಲ್ಲುತ್ತದೆ. ಆದ್ದರಿಂದ ಮನೆಯವರು ಆ ಹೆಣಕ್ಕೆ ರೇಶಿಮೆ ಸೀರೆ ಉಡಿಸಿ, ಮಾಲೆ ಹಾಕಿ, ಮಂಟಪದ ಮುಂದೆ ಕುರ್ಚಿಯಲ್ಲಿ ಕೂಡಿಸಿ, ತಾಳಿ ಬೀಳುವವರೆಗೂ ಅಜ್ಜಿ ತೂಕಡಿಸುತ್ತಿದ್ದಾಳೆಂದು ಬೀಗರನ್ನು ನಂಬಿಸುತ್ತಾರೆ. ನಗಬೇಕೋ ಅಳಬೇಕೋ ತಿಳಿಯದಂಥ ಕತೆ. ತಲೆಗೆ ಬಿಳಿ ಕೂದಲು ಕಟ್ಟಿಕೊಂಡು ನಮ್ಮ ನಾದಿನಿಯೇ ಅಜ್ಜಿ.

"ನನ್ನ ಮಾತು ಎಷ್ಟು ಅದಾವ್ರಿ?" ಎಂದು ಆಕೆ ಕೇಳಿದಳು.

"ಮಾತೇ ಇಲ್ಲಮ್ಮ. ಮೊದಲನೇ ದೃಶ್ಯದಲ್ಲೇ ನೀವು ಸತ್ತಿರ್ತೀರಿ" ಎಂದರು ಡೈರೆಕ್ಟರು.

ಬಿಡಾರಕ್ಕೆ ಬಂದವಳೇ ನನ್ನೆದುರು ಕೂತಳು. "ನೋಡ್ರಿ ವೈನಿ, ದನಿ ಕೇಳಿ ಕರದ್ರು, ಹೆಣಾ ಮಾಡಾಕತ್ತಾರ."

ಹೆಣವೊಂದು ಕುರ್ಚಿಯಲ್ಲಿ ಕೂತರೆ ಜನ ನಂಬುತ್ತಾರೋ ಇಲ್ಲವೋ ಎಂದು ಡೈರೆಕ್ಟರಿಗೆ ಒಂದು ಅನುಮಾನವಿತ್ತು. ನಮ್ಮ ಮಂದಿಯಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ಶೃಂಗರಿಸಿ, ಕೂತಂತೆಯೇ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ನಾದಿನಿ ಹೇಳಿದಳು: "ಸಾಹೇಬ್ರ, ನಮ್ಮ ಊರಾಗ ಹೆಣ ಕುಂತದ್ದಕ್ಕ ಯಾರೂ ಬೆರಗ ಆಗೂದಿಲ್ಲ. ಮಲಗಿದ್ರನ ಏನಾತಂತ ಕೇಳ್ತಾರ."

ಆಕೆ ಕೂತದ್ದೇನೋ ಚೆನ್ನಾಗಿಯೇ ಕೂತಳು. ಉಸಿರು ಕಾಣದಂತೆ, ಕಣ್ಣು ಮುಚ್ಚಿ, ತಲೆ ತುಸು ವಾಲಿಸಿ. ಮದುಮಕ್ಕಳು ಬಂದು ಕಾಲಿಗೆ ಬಿದ್ದರು. ಹೆಣ ಕೈ ಎತ್ತಿ, "ನೂರು ವರ್ಷ ಬಾಳ್ರಿ" ಎಂದಿತು.

ಮತ್ತೊಮ್ಮೆ ತೆಗೆದರು. ಮತ್ತೆ ಬಿದ್ದರು. ಮತ್ತೆ ಹೆಣ ಹರಸಿತು.

"ಅಮ್ಮಾ, ನೀವು ಸತ್ತಿದ್ದೀರಿ" ಎಂದು ಡೈರೆಕ್ಟರು ಕೈ ಮುಗಿದರು.

"ಸತ್ತದ್ದು ಖರೆ ಐತ್ರಿ. ಆದ್ರ ಅವರು ಕಾಲಿಗೆ ಬಿದ್ದಾರಲ್ರಿ. ಬಿದ್ದವರಿಗೆ ಏನೂ ಅನ್ನದ ಕುಂದರೂದು ಹೆಂಗ?"

ಹೀಗೆಯೇ ಮಧ್ಯಾಹ್ನವಾಯಿತು. ಕೊನೆಗೆ ನಾನು ಊರಿಂದ ತಂದಿದ್ದ ಕರದಂಟಿನ ದೊಡ್ಡ ತುಂಡೊಂದನ್ನು ಆಕೆಯ ಬಾಯಿಗೆ ಇಟ್ಟೆ. ಅಂಟು, ಬೆಲ್ಲ ಸೇರಿದ ಗೋಕಾಕದ ಆ ಸಿಹಿ ಹಲ್ಲಿಗೆ ಹಿಡಿಯಿತೆಂದರೆ ಬಾಯಿ ತೆಗೆಯುವ ಮಾತೇ ಇಲ್ಲ. ಮದುಮಕ್ಕಳು ಬಿದ್ದರು, ಹೆಣ ಸುಮ್ಮನೆ ಕೂತಿತು. ಡೈರೆಕ್ಟರು ಕಣ್ಣೊರೆಸಿಕೊಂಡು ನನಗೆ ಹೇಳಿದರು: "ನೋಡಿ ತಾಯಿ, ಸತ್ತ ಮೇಲೂ ಮುಖದಲ್ಲಿ ಎಂಥ ತೃಪ್ತಿ ತಂದಿದ್ದಾರೆ."

ಬೆಲ್ಲದ ಬಾಗೇವಾಡಿಯ ಬುತ್ತಿ

ಸಿನಿಮಾ ಮೊದಲು ಬೆಳಗಾವಿಗೆ ಬಂತು. ಅತ್ತೆಯ ತಂಗಿ, ಅಂದರೆ ನಾದಿನಿಯ ಚಿಗವ್ವ, ಇದ್ದದ್ದು ಬೆಲ್ಲದ ಬಾಗೇವಾಡಿಯಲ್ಲಿ. ಆಕೆಯ ನೆರೆಮನೆಯವರು ಬೆಳಗಾವಿಗೆ ಹೋಗಿ ಬಂದು, "ನಿಮ್ಮ ಅಕ್ಕನ ಮಗಳು ಹೋಗಿಬಿಟ್ಟಾಳ. ರೇಶಿಮಿ ಸೀರಿ ಉಡಿಸಿ ಮಾಲಿ ಹಾಕಿ ಕೂಡಿಸಿದ್ದು ನಾವ ಕಣ್ಣಿಲೆ ನೋಡೇವಿ" ಎಂದರು. ಎಲ್ಲಿ ನೋಡಿದ್ದೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಬೀಗರು ಬುತ್ತಿ ಕಟ್ಟಿಕೊಂಡು ಬರುವುದು ರೂಢಿ. ಚಿಗವ್ವ ರೊಟ್ಟಿ, ಪುಂಡಿಪಲ್ಯ, ಜುಣಕದ ಗಂಟು ಹಿಡಿದು ಬೆಳಗಿನ ಬಸ್ಸಿಗೆ ಹುಕ್ಕೇರಿಗೆ ಬಂದಳು. ಬಾಗಿಲು ತೆಗೆದವಳು ರಜೆಗೆ ಬಂದಿದ್ದ ನಾದಿನಿ. ಚಿಗವ್ವ ಮುಖ ನೋಡದೆ ಕೊರಳಿಗೆ ಬಿದ್ದು, ರಾಗ ಎತ್ತಿ ಅಳತೊಡಗಿದಳು. ನಾದಿನಿ ಬೆನ್ನು ಸವರುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಚಿಗವ್ವ ತಲೆ ಎತ್ತಿದಳು.

"ಯವ್ವಾ, ನೀ ಸತ್ತೀ ಅಂತ ಬಂದೇನಿ ನಾ."

"ಹೌದ ಚಿಗವ್ವ, ಸತ್ತೇನಿ. ಒಳಗ ಬಾ, ನೀರ ಕುಡಿ."

ಸಾವಿನ ಬುತ್ತಿಯನ್ನು ಮನೆಯೊಳಗೆ ಬಿಚ್ಚಬಾರದೆಂದು ಅತ್ತೆ ಗದರಿದರು. "ನನ್ನ ಸಲುವಾಗಿ ತಂದದ್ದು, ನಾನ ಉಣ್ತೇನಿ" ಎಂದು ನಾದಿನಿ ಕಟ್ಟೆಯ ಮೇಲೆ ಕೂತು ಉಂಡಳು. ಉಣ್ಣುವ ಮಗಳನ್ನು ನೋಡುತ್ತ ಅತ್ತೆ ವಿಚಾರಣೆ ಶುರುಮಾಡಿದರು.

"ಆ ಸಿನೇಮಾದಾಗ ನೀ ಮಾತಾಡತೀ ಏನು?"

"ಇಲ್ಲವ್ವ."

"ಹಾಡತೀ?"

"ಸತ್ತಾಕಿ ಹೆಂಗ ಹಾಡಲಿ?"

"ಗಂಡಸರ ಮಾರಿ ನೋಡಿ ನಗತೀ?"

"ಕಣ್ಣ ಮುಚ್ಚೇ ಇರ್ತಾವ."

ಅತ್ತೆ ನನ್ನ ಕಡೆ ತಿರುಗಿದರು. ಓದಿದವಳ ಸಾಕ್ಷಿ ಬೇಕಾಗಿತ್ತು. ನಾನು ಹೌದೆಂದು ತಲೆ ಆಡಿಸಿದೆ.

"ಅಂದ್ರ ಮರ್ಯಾದಸ್ಥ ಪಾತ್ರ ಐತಿ" ಎಂದರು ಅತ್ತೆ. "ಇಷ್ಟು ವರ್ಷ ಕಂಪನ್ಯಾಗ ಇದ್ದಿ, ಇಂಥಾದ್ದು ಒಂದೂ ಸಿಗಲಿಲ್ಲೇನು ನಿನಗ?"

ಹುಕ್ಕೇರಿಯ ಟೆಂಟು

ಕಡೆಗೂ ಸಿನಿಮಾ ಹುಕ್ಕೇರಿಯ ಟೆಂಟಿಗೆ ಬಂತು. ಅತ್ತೆ ಇಳಕಲ್ಲ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಮದುವೆಗೆ ಹೊರಟವರಂತೆ ಹೊರಟರು. ಸಂಜೆಯ ಮೊದಲ ಆಟ. ಮುಂದಿನ ಸಾಲಿನಲ್ಲಿ ಅತ್ತೆ, ಅವರ ಮಗ್ಗುಲಿಗೆ ನಾದಿನಿ, ಈಚೆಗೆ ನಾನು. ಜನ ಗುರುತು ಹಿಡಿದು ಗದ್ದಲ ಮಾಡಬಾರದೆಂದು ನಾದಿನಿ ಮುಖ ಮುಚ್ಚುವಂತೆ ಸೆರಗು ಎಳೆದುಕೊಂಡಿದ್ದಳು. ಆಕೆ ಪರದೆ ನೋಡಲೇ ಇಲ್ಲ. ಅವ್ವನ ಮುಖವನ್ನೇ ನೋಡುತ್ತ ಕೂತಳು.

ಟೆಂಟೆಲ್ಲ ನಗುತ್ತಿತ್ತು. ಬೀಗರು ಹೆಣಕ್ಕೆ ಉಭಯಕುಶಲ ಕೇಳಿದರೆ ನಗು, ಹೆಣದ ಕೈಗೆ ಎಲೆ-ಅಡಿಕೆ ಇಟ್ಟರೆ ನಗು. ಅತ್ತೆ ಮಾತ್ರ ನಗಲಿಲ್ಲ, ಅಳಲಿಲ್ಲ, ಅಲುಗಾಡಲಿಲ್ಲ. ನಾದಿನಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ವೈನಿ, ಅವ್ವಗ ಸೇರವಲ್ದು ಕಾಣತೈತಿ."

ಆಗ ಮದುವೆಯ ದೃಶ್ಯ ಬಂತು. ಹೆಣದ ಮುಖ ಪರದೆಯ ತುಂಬ, ನಮ್ಮ ಮನೆಯ ಗೋಡೆಯಷ್ಟು ದೊಡ್ಡದಾಗಿ ಬಂತು. ಚಿತ್ರ ತೆಗೆಯುವಾಗ ಎಲ್ಲಿಂದಲೋ ಒಂದು ನೊಣ ಬಂದು ಆಕೆಯ ಮೂಗಿನ ಮೇಲೆ ಕೂತಿತ್ತು. ಯಾರೂ ಕರೆಸಿದ್ದಲ್ಲ. ನಾದಿನಿ ರೆಪ್ಪೆ ಕೂಡ ಮಿಸುಕಿಸಿರಲಿಲ್ಲ. ಡೈರೆಕ್ಟರು ಕುಣಿದಾಡಿ ಅದನ್ನು ಹಾಗೆಯೇ ಉಳಿಸಿಕೊಂಡಿದ್ದರು. ಈಗ ಆ ನೊಣ ಹದ್ದಿನಷ್ಟಾಗಿ ಮೂಗಿನ ತುದಿಯಿಂದ ಕಣ್ಣಿನ ಕಡೆಗೆ ನಡೆಯತೊಡಗಿತು. ಜನ ಬಿದ್ದು ಬಿದ್ದು ನಕ್ಕರು.

"ಯಾರರೆ ಓಡಸ್ರಿ ಅದನ್ನ" ಎಂದರು ಅತ್ತೆ ಮೆಲ್ಲಗೆ.

ಯಾರೂ ಓಡಿಸಲಿಲ್ಲ. ನೊಣ ತಿರುಗಿ ಮೂಗಿನ ಮೇಲೆ ಬಂತು. ಅತ್ತೆ ಎದ್ದರು. ನಾವು ಹಿಡಿಯುವುದರೊಳಗೆ ಪರದೆಯ ಹತ್ತಿರ ಹೋಗಿ, ಸೆರಗಿನ ತುದಿಯಿಂದ ಮಗಳ ಮೂಗಿನತ್ತ ಬೀಸತೊಡಗಿದರು. ಅವರ ನೆರಳು ಮದುವೆಯ ಮಂಟಪವನ್ನೇ ಮುಚ್ಚಿತು. "ಅಜ್ಜಿ, ಕುಂದರ್ರಿ" ಎಂದು ಹಿಂದಿನವರು ಕೂಗಿದರು. ಸಿಳ್ಳೆ ಹಾಕಿದರು. ಅತ್ತೆ ಯಾರ ಮಾತೂ ಕೇಳಲಿಲ್ಲ. ಬೀಸುತ್ತಲೇ ಇದ್ದರು.

ನಾದಿನಿ ಮುಖದ ಸೆರಗು ಸರಿಸಿ ಓಡಿಹೋಗಿ ಅವ್ವನ ಕೈ ಹಿಡಿದಳು. ಆಕೆಯ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

"ಅವ್ವಾ, ಬಾ ಕುಂದರು. ನಾ ಇಲ್ಲೇ ಅದೇನಲ್ಲ."

ಅತ್ತೆ ತಿರುಗಿ ಸಹ ನೋಡದೆ ಆಕೆಯ ಕೈ ಕೊಡವಿಕೊಂಡರು.

"ನೀ ಸುಮ್ಮಿರು. ಅಲ್ಲಿ ನನ್ನ ಮಗಳ ಮೂಗಿನ ಮ್ಯಾಲ ನೊಣ ಕುಂತೈತಿ."