ಕಾಡಿಗಿಯ ಕನ್ಯಾಪರೀಕ್ಷೆ

ಆರಿಸುವ ಅವಕಾಶ ಸಿಕ್ಕಾಗ ಮನುಷ್ಯ ಬಣ್ಣ ನೋಡುವುದಿಲ್ಲ, ಗುಣ ನೋಡುತ್ತಾನೆ ಎಂದು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಸಂಬಳಕ್ಕಾಗಿ ಹೇಳುವ ಅನೇಕ ಮಾತುಗಳಲ್ಲಿ ಇದೂ ಒಂದು. ಬದನೆಕಾಯಿ ಕೊಳ್ಳುವಾಗ ತೊಟ್ಟು ಹಿಚುಕಿ ನೋಡುತ್ತೇವೆ, ಜೋಳ ಕೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ಊದಿ ನೋಡುತ್ತೇವೆ. ಸೊಸೆಯನ್ನು ತರುವಾಗ ಮಾತ್ರ ‘ನಮಗೆ ಗುಣ ಮುಖ್ಯ’ ಎಂದು ಹೇಳಿ, ಕೊಟ್ಟ ಸುಸಲಾ ತಿಂದು, ಚಹಾ ಕುಡಿದು, ಊರಿಗೆ ಹೋಗಿ ‘ಜಾತಕ ಕೂಡಲಿಲ್ಲ’ ಎಂದು ಫೋನು ಮಾಡುತ್ತೇವೆ. ನನ್ನ ಜಾತಕ ಅಷ್ಟು ಮನೆತನಗಳೊಂದಿಗೆ ಕೂಡದೆ ಹೋದಾಗ ನಮ್ಮಪ್ಪನಿಗೆ ಜ್ಯೋತಿಷ್ಯದ ಮೇಲೇ ಸಿಟ್ಟು ಬಂದಿತ್ತು. ಪಾಪ, ತಪ್ಪು ಗ್ರಹಗಳದ್ದಲ್ಲ. ನಾನು ಕಪ್ಪು. ಎಣ್ಣೆಗಪ್ಪು, ನಸುಗಪ್ಪು ಎಂಬ ಸಾಂತ್ವನದ ಮಾತುಗಳೆಲ್ಲ ನನ್ನ ಹತ್ತಿರ ಬಂದು ಸೋತಿವೆ. ಕೊನೆಗೆ ನಮ್ಮವರು ಬಂದು ನೋಡಿದರು, ಹೂಂ ಅಂದರು. ವಾಡಿ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ, ನಿದ್ದೆಗಣ್ಣಿನಲ್ಲಿದ್ದ ಎಂದು ನಮ್ಮ ಅತ್ತೆ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಇಂಥ ನಾನು ಹೋದ ವರ್ಷ ಒಂದು ಕರಿ ನಾಯಿಗೆ ಹೆಣ್ಣಿನ ಕಡೆಯವಳಾಗಬೇಕಾಗಿ ಬಂತು. ನಾವಿರುವುದು ಶಹಾಬಾದಿನಲ್ಲಿ, ಬಸಣ್ಣನವರೆಂಬ ಕಲ್ಲಿನ ವ್ಯಾಪಾರಿಯ ಬಾಡಿಗೆ ಮನೆಯಲ್ಲಿ. ಪಕ್ಕದಲ್ಲೇ ಅವರ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಎರಡಕ್ಕೂ ಒಂದೇ ಗೇಟು. ಹಿತ್ತಲಲ್ಲಿ ಒಂದು ಪತ್ರಾಸ್ ತಗಡಿನ ಶೆಡ್ಡಿದೆ. ಒಮ್ಮೆ ಮಳೆಯಲ್ಲಿ ನಡುಗುತ್ತಿದ್ದ ಒಂದು ನಾಯಿಮರಿಯನ್ನು ತಂದು ಅದರಲ್ಲಿಟ್ಟು, ಸಾಕುವವರು ಯಾರಾದರೂ ಇದ್ದೀರಾ ಎಂದು ಮೊಬೈಲಿನಲ್ಲಿ ನಾಲ್ಕು ಜನರಿಗೆ ಕೇಳಿದೆ. ಅಷ್ಟೇ. ಅಂದಿನಿಂದ ಊರಲ್ಲಿ ಎಲ್ಲಿ ಮರಿ ಸಿಕ್ಕರೂ ‘ಟೀಚರ್ ಮನೀಗಿ ಒಯ್ದು ಬಿಡ್ರಿ’ ಎನ್ನುವುದು ರೂಢಿಯಾಯಿತು. ದೊಡ್ಡ ಶಹರಗಳಲ್ಲಿ ಇದಕ್ಕೆ ಬೋರ್ಡು, ಕಚೇರಿ, ಡಾಕ್ಟರು ಎಲ್ಲ ಇರುತ್ತಾರಂತೆ. ನಮ್ಮಲ್ಲಿ ನಾನು, ಶೆಡ್ಡು ಮತ್ತು ನಮ್ಮ ಅತ್ತೆಯ ಬೈಗುಳ. ಕಂದು ಮರಿ ಬಂದ ವಾರದಲ್ಲೇ ಹೋಗುತ್ತದೆ. ಬಿಳಿಯದನ್ನಂತೂ ಕಣ್ಣು ಬಿಡುವ ಮೊದಲೇ ಯಾರೋ ಗೊತ್ತು ಮಾಡಿಕೊಂಡಿರುತ್ತಾರೆ. ಕರಿಯವು ಮಾತ್ರ ಉಳಿಯುತ್ತವೆ.

ಹಾಗೆ ಉಳಿದವಳು ಕಾಡಿಗಿ. ಹೆಸರಿಟ್ಟವರು ನಮ್ಮವರು. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಬಿಳಿ ಕೂದಲಿಲ್ಲ. ಅವಳ ಒಡಹುಟ್ಟಿದವರೆಲ್ಲ ಸೇಡಂ, ಚಿತ್ತಾಪುರ ಎಂದು ಒಳ್ಳೆಯ ಮನೆಗಳನ್ನು ಸೇರಿದರು. ನಮ್ಮ ಅತ್ತೆ ಅವಳಿಗೆ ರೊಟ್ಟಿ ಮುರಿದು ಹಾಕುತ್ತ, “ಹೆಣ್ಣಾಗಿ ಹುಟ್ಟೀದಿ, ಅದರ ಮ್ಯಾಲ ಕರೇ ಬಣ್ಣ. ಯಾರ ಒಯ್ತಾರವ್ವ ನಿನಗ?” ಎನ್ನುವರು. ಆಮೇಲೆ ನಾನು ಅಲ್ಲೇ ನಿಂತಿರುವುದು ನೆನಪಾಗಿ, “ನಿನಗ ಅಂದಿಲ್ಲ ಮತ್ತ” ಎಂದು ಸೇರಿಸುವರು.

ಕರಿ ನಾಯಿಯ ಮೊದಲ ಕಷ್ಟ ಫೋಟೋದ್ದು. ಈಗಿನ ಕಾಲದಲ್ಲಿ ಫೋಟೋ ನೋಡದೆ ಯಾರೂ ಮನೆಗೆ ಬರುವುದಿಲ್ಲ. ಕಾಡಿಗಿಯ ಫೋಟೋ ತೆಗೆದರೆ ಬರುವುದು ಒಂದು ಕತ್ತಲೆ ಮತ್ತು ಅದರ ಸುತ್ತ ಸ್ಪಷ್ಟವಾದ ನಮ್ಮ ಹಿತ್ತಲು. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಒಬ್ಬರು “ನಾಯಿ ಎಲ್ಲಿ ಅದರಿ ಟೀಚರ್?” ಎಂದು ಕೇಳಿದರು. ಇನ್ನೊಬ್ಬರು ಹಿಂದಿದ್ದ ನೀರಿನ ಡ್ರಮ್ಮು ಮಾರಾಟಕ್ಕಿದೆಯೇ ಎಂದು ವಿಚಾರಿಸಿದರು. ಹಿಂದೆ ಬಿಳಿ ಚಾದರ ಕಟ್ಟಿ ತೆಗೆದೆ. ಚಾದರ ಬಹಳ ಚೆನ್ನಾಗಿ ಬಂತು. ಫ್ಲ್ಯಾಶ್ ಹಾಕಿ ತೆಗೆದಾಗ ಎರಡು ಹಸಿರು ಕಣ್ಣುಗಳು ಮಾತ್ರ ಗಾಳಿಯಲ್ಲಿ ಉರಿಯುತ್ತಿದ್ದವು. ಅದನ್ನು ನೋಡಿ ನಮ್ಮ ಶಾಲೆಯ ದೈಹಿಕ ಶಿಕ್ಷಣದ ಶಿಕ್ಷಕರು ಗುಂಪಿನಿಂದಲೇ ಹೊರಗೆ ಹೋದರು.

ಖುದ್ದಾಗಿ ನೋಡಲು ಬಂದವರ ಮಾತುಗಳಂತೂ ನನಗೆ ಬಾಯಿಪಾಠ. ‘ಮನ್ಯಾಗ ಕೇಳಿ ಹೇಳ್ತೀನ್ರಿ’, ‘ಛಲೋ ಅದ, ಖರೇ ಈಗ ಬ್ಯಾಡ್ರಿ’. ಇವೆಲ್ಲ ‘ಜಾತಕ ಕೂಡಲಿಲ್ಲ’ ಎಂಬುದರ ಒಡಹುಟ್ಟುಗಳು. ಅದೇ ಕಾಲಕ್ಕೆ ಒಂದು ಕರಿ ಬೆಕ್ಕಿನ ಮರಿಯೂ ನಮ್ಮಲ್ಲಿತ್ತು. ಇಲಿಗಳ ಕಾಟವಿದ್ದ ಒಬ್ಬ ಗೃಹಸ್ಥರಿಗೆ ಅದನ್ನು ತೋರಿಸಿದೆ. ಅವರು ಗಂಭೀರವಾಗಿ ವಿಚಾರ ಮಾಡಿ, “ಹೊರಗಿನ ಬೆಕ್ಕಾದ್ರ ಯಾವಾಗರ ಒಮ್ಮೆ ಅಡ್ಡ ಬರ್ತದ. ಮನ್ಯಾಗೇ ಇದ್ರ ದಿನಾ ಅಡ್ಡ ಬರ್ತದಲ್ರಿ. ನಾ ಡ್ಯೂಟಿಗಿ ಹೋಗೋದು ಯಾವಾಗ?” ಎಂದರು. ವಿಜ್ಞಾನದ ಟೀಚರಾದ ನಾನು ಮರಿಯನ್ನು ಎತ್ತಿಕೊಂಡು ಒಳಗೆ ಬಂದೆ. ಬೆಕ್ಕೇ ಬೇಸತ್ತು ಒಂದು ದಿನ ಕಾಂಪೌಂಡು ಹಾರಿ ಎದುರಿನ ಕಿರಾಣಿ ಅಂಗಡಿಯ ಗೋದಾಮಿಗೆ ಹೋಗಿ ತಾನೇ ನೌಕರಿಗೆ ಸೇರಿಕೊಂಡಿತು.

ಹಾಗೆಂದು ಕಾಡಿಗಿಗೆ ಬೇಡಿಕೆಯೇ ಇರಲಿಲ್ಲವೆಂದು ತಿಳಿಯಬೇಡಿ. ವಾರಕ್ಕೊಮ್ಮೆ ಅವಳಷ್ಟು ಬೇಕಾದವಳು ಊರಲ್ಲಿ ಯಾರೂ ಇರಲಿಲ್ಲ. ಶನಿಯ ಕಾಟ ಇದ್ದವರು ಶನಿವಾರ ಕರಿ ನಾಯಿಗೆ ಎಣ್ಣೆ ಸವರಿದ ರೊಟ್ಟಿ ಹಾಕಬೇಕು, ಮೈಮೇಲೆ ಒಂದೂ ಮಚ್ಚೆ ಇರಬಾರದು ಎಂದು ಜ್ಯೋತಿಷಿಗಳು ಹೇಳುತ್ತಾರೆ. ಮಚ್ಚೆಯಿಲ್ಲದ ಕರಿ ನಾಯಿ ಬೀದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮಲ್ಲಿ ಇತ್ತು. ಶನಿವಾರ ಬೆಳಗಾದರೆ ಗೇಟಿನ ಮುಂದೆ ಬೈಕುಗಳ ಸಾಲು. ಚಿಂಚೋಳಿ, ಚಂದಾಪುರದಿಂದಲೂ ಜನ ಬರತೊಡಗಿದರು. ರೊಟ್ಟಿ ಇಟ್ಟು, ಕೈ ಮುಗಿದು, ಬಂದ ದಾರಿ ಹಿಡಿದು ಹೋಗುವರು. ಅವರೆಲ್ಲರ ಶನಿಯನ್ನು ತಿಂದು ಕಾಡಿಗಿ ಗುಂಡಗಾದಳು. ಇಷ್ಟು ಭಕ್ತಿ ಇದ್ದರೆ ಮನೆಗೇ ಒಯ್ಯಬಾರದೇ ಎಂದು ನಾನು ಖಾಯಂ ಬರುವ ಒಬ್ಬ ಬಟ್ಟೆ ಅಂಗಡಿಯವರನ್ನು ಕೇಳಿದೆ. “ಮನ್ಯಾಗ ಸಾಕಿದ್ರ ಪುಣ್ಯ ಹ್ಯಾಂಗ ಬರ್ತದ್ರಿ ಟೀಚರ್? ನಮ್ಮ ನಾಯಿಗಿ ನಾವೇ ರೊಟ್ಟಿ ಹಾಕಿದ್ರ ಅದು ಬರೇ ಊಟ ಆಗ್ತದ” ಎಂದರು. ಎಷ್ಟು ಯೋಚಿಸಿದರೂ ಇದರಲ್ಲಿ ನನಗೆ ತಪ್ಪು ಸಿಗಲಿಲ್ಲ.

ಈ ಭಕ್ತಿಯೇ ಕಾಡಿಗಿಗೆ ಮುಳುವಾಯಿತು. ಒಂದು ಶನಿವಾರ ಬಸಣ್ಣನವರ ಕಲ್ಲು ತುಂಬಿದ ಟ್ರ್ಯಾಕ್ಟರು ಗೇಟು ದಾಟಲಾಗದೆ ಬೈಕುಗಳ ನಡುವೆ ಸಿಕ್ಕಿಕೊಂಡಿತು. ಅವರು ಬನಿಯನ್ನಿನಲ್ಲೇ ಬಂದು ನಿಂತರು. “ಟೀಚರ್, ಇದು ಕಲ್ಲಿನ ಕಾರ್ಖಾನಿ ಅದನೋ, ಗುಡಿ ಅದನೋ? ಸಣ್ಣ ಮರಿ ಬಂದು ಹೋದ್ರ ನಾ ಎಂದರ ಏನರ ಅಂದೀನೇನು? ಇದು ದೊಡ್ಡದಾಗ್ಯಾದ. ಬರೋ ಶನಿವಾರದೊಳಗ ಇದಕ್ಕೊಂದು ಮನಿ ನೋಡ್ರಿ. ಇಲ್ಲಂದ್ರ ಟ್ರ್ಯಾಕ್ಟರಿನಾಗ ಹಾಕ್ಕೊಂಡು ಹೋಗಿ ಕಾಗಿಣಾ ಹೊಳಿ ದಾಟಿಸಿ ಬಿಟ್ಟು ಬರ್ತೀನಿ” ಎಂದರು. ಬಸಣ್ಣನವರು ಕೆಟ್ಟವರಲ್ಲ, ಆದರೆ ಹೇಳಿದ್ದನ್ನು ಮಾಡುವವರು. ಮನುಷ್ಯರ ಕೈಯಲ್ಲಿ ಬೆಳೆದ, ಟ್ರಕ್ಕು ಕಂಡರೂ ಬಾಲ ಅಲ್ಲಾಡಿಸುವ ನಾಯಿ ಹೊಳೆಯಾಚೆಯ ಹೈವೇಯಲ್ಲಿ ಎರಡು ದಿನ ಬಾಳುವುದಿಲ್ಲ. ಅಂದು ನನಗೆ ಊಟ ಸೇರಲಿಲ್ಲ.

ಮರುದಿನ ಭಾನುವಾರ. ಆದಿತ್ಯನಗರದಿಂದ ಸುಜಾತಾ ಎಂಬ ಹೆಂಗಸು ಮಗಳೊಂದಿಗೆ ನಾಯಿ ನೋಡಲು ಬಂದರು. ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಪಲ್ಲವಿ ಮೂರನೆಯ ಇಯತ್ತೆಯ ಹುಡುಗಿ, ಬಣ್ಣದಲ್ಲಿ ನನ್ನ ಕಡೆಯವಳು. ಕಾಡಿಗಿ ಶೆಡ್ಡಿನಲ್ಲಿರಲಿಲ್ಲ. ನಾನು ಕೂಗಿದೆ. ಕಾರ್ಖಾನೆಯ ಕಡೆಯಿಂದ ಒಂದು ಬೂದು ಬಣ್ಣದ ನಾಯಿ ಓಡಿ ಬಂದು ನನ್ನ ಕಾಲಿಗೆ ಸುತ್ತಿಕೊಂಡಿತು. ಕಲ್ಲು ಪಾಲಿಶ್ ಮಾಡುವಾಗ ಹರಿಯುವ ಕೆಸರು ಒಣಗಿದರೆ ಪೌಡರಿನಂತೆ ನುಣ್ಣಗಾಗುತ್ತದೆ. ರಜೆಯ ದಿನ ಮಷೀನು ನಿಂತಿದ್ದರಿಂದ ತಂಪು ಹುಡುಕಿಕೊಂಡು ಹೋದ ಕಾಡಿಗಿ ಅದರಲ್ಲಿ ಮನಸಾರೆ ಹೊರಳಾಡಿ ಬಂದಿದ್ದಳು. ಕಿವಿಯಿಂದ ಕಾಲಿನವರೆಗೆ ಒಂದೇ ಬಣ್ಣ, ಅಂಗಳಕ್ಕೆ ಹಾಸಿದ ಫರ್ಸಿಕಲ್ಲಿನ ಬಣ್ಣ. “ಅಯ್ಯ, ಎಂಥಾ ಬಣ್ಣರಿ ಟೀಚರ್! ಯಾವ ಜಾತಿದು?” ಎಂದು ಸುಜಾತಾ ಕೇಳಿದರು. ನಾನು ಬಾಯಿ ತೆರೆದೆ. ಬಸಣ್ಣನವರ ಟ್ರ್ಯಾಕ್ಟರು ಕಣ್ಣಿಗೆ ಬಿತ್ತು. “ಶಹಾಬಾದಿ” ಎಂದೆ. ಅದು ಸುಳ್ಳಲ್ಲ. ಪಲ್ಲವಿ ಆಗಲೇ ಅವಳನ್ನು ತಬ್ಬಿಕೊಂಡಿದ್ದಳು, ಫ್ರಾಕಿನ ಎದೆಯೆಲ್ಲ ಬೆಳ್ಳಗಾಗಿತ್ತು. “ಕೂದಲ ಉದುರ್ತಾವೇನ್ರಿ?” ಎಂದು ತಾಯಿ ಅನುಮಾನಪಟ್ಟರು. “ಬ್ಯಾಸಗ್ಯಾಗ ಸ್ವಲ್ಪ” ಎಂದೆ.

ಅವರು ಕಾಡಿಗಿಯನ್ನು ಕರೆದುಕೊಂಡು ಆಟೋ ಹತ್ತಿ ಹೋದ ಮೇಲೆ ನನಗೆ ನಮ್ಮ ಚಿಗವ್ವನ ನೆನಪಾಯಿತು. ನನ್ನನ್ನು ನೋಡಲು ಯಾರಾದರೂ ಬರುವ ದಿನ ಚಿಗವ್ವ ಡಬ್ಬಿ ಹಿಡಿದುಕೊಂಡು ಕೂತು ನನ್ನ ಮುಖಕ್ಕೆ ಪೌಡರು ಬಡಿಯುತ್ತಿದ್ದಳು. ಕಲಬುರಗಿ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತಲ್ಲ. ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬರುವಷ್ಟರಲ್ಲಿ ಹಣೆಯಿಂದ ಗದ್ದದವರೆಗೆ ಬೆವರಿನ ಕಾಲುವೆಗಳು ತೆರೆದುಕೊಂಡು ಅಸಲು ನೆಲ ಕಾಣುತ್ತಿತ್ತು. ಬಂದವರು ನನ್ನನ್ನು ಬಿಟ್ಟು ಆ ಕಾಲುವೆಗಳನ್ನೇ ನೋಡುತ್ತಿದ್ದರು. ನೆಲ ಬಿರಿಯಬಾರದೇ ಅನಿಸುತ್ತಿತ್ತು ನನಗೆ. ಅದೇ ಕೆಲಸವನ್ನು ಈಗ ಆ ಮೂಕಪ್ರಾಣಿಗೆ ನಾನೇ ಮಾಡಿ ಕಳಿಸಿದ್ದೆ. “ಹೋಗ್ಲಿ ಬಿಡು, ಮನಿ ಸಿಕ್ತಲ್ಲ” ಎಂದರು ನಮ್ಮವರು. ಸ್ನಾನ ಮಾಡಿಸದ ಮನೆಯಾಗಿರಲಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಬುಧವಾರ ಸಂಜೆ ಆಟೋ ಮತ್ತೆ ಬಂತು. ಮೊದಲು ಸುಜಾತಾ ಇಳಿದರು, ಆಮೇಲೆ ಪಲ್ಲವಿ, ಕೊನೆಗೆ ಮಿರಮಿರ ಮಿಂಚುವ ಕಾಡಿಗಿ. “ಟೀಚರ್, ನಿಮ್ಮ ನಾಯಿ ಬಣ್ಣ ಬಿಡ್ತು” ಎಂದರು ಸುಜಾತಾ. “ಲೋಕದಾಗ ಎಲ್ಲಾ ತೊಳದ್ರ ಬೆಳ್ಳಗಾಗ್ತದ. ಇದು ತೊಳದಂಗ ತೊಳದಂಗ ಕರ್ರಗಾಗ್ಲಿಕತ್ತದ. ನಮ್ಮ ಮನಿಯವರು ನಕ್ಕು ನಕ್ಕು ಸಾಕಾದ್ರು.” ನಾನೂ ನಗಲು ನೋಡಿದೆ. ಸುಜಾತಾ ದನಿ ತಗ್ಗಿಸಿದರು. “ತಪ್ಪು ತಿಳೀಬ್ಯಾಡ್ರಿ. ನಾಯಿ ಭಾಳ ಛಲೋದು. ಖರೇ, ಮನ್ಯಾಗ ಮಗಳೊಬ್ಬಾಕಿ ಹಾಂಗೇ ಅದಾಳ. ಮತ್ತ ನಾಯಿನೂ ಹಾಂಗೇ ಅಂದ್ರ ಕಾಲೋನಿಯೊಳಗ ಜನ ಆಡ್ಕೋತಾರ್ರಿ.”

ತಗ್ಗಿಸಿದ ದನಿ ಮಕ್ಕಳಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ಪಲ್ಲವಿ ಕಾಡಿಗಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು, ಕಣ್ಣಲ್ಲಿ ನೀರೇ ಬಂತು. ಬಣ್ಣದ ಬಗ್ಗೆ, ಗುಣದ ಬಗ್ಗೆ ತರಗತಿಯಲ್ಲಿ ಹೇಳುವುದನ್ನೆಲ್ಲ ಆ ತಾಯಿಗೆ ಹೇಳಬೇಕೆನಿಸಿತು. ಆದರೆ ಪುಡಿ ಹಚ್ಚಿದ ನಾಯಿಯನ್ನು ದಾಟಿಸಿದವಳು ಯಾವ ಬಾಯಿಂದ ಪಾಠ ಹೇಳಬೇಕು? ಆಗ ಪಲ್ಲವಿ ತಾಯಿಯ ಸೆರಗು ಜಗ್ಗಿದಳು. “ಮಮ್ಮಿ, ಸಾಲಿಗಿ ಹೋಗುವಾಗ ನನಗ ದಿನಾ ಪೌಡರ್ ಹಚ್ಚತಿಯಲ್ಲ, ಅದರಾಗ ಇದಕ್ಕೂ ಒಂದೀಟು ಹಚ್ಚೂಣು. ನನಗ ಕಮ್ಮಿ ಹಚ್ಚು. ನಡೀತದ.”

ಒಳಗೆ ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರದ ಸಪ್ಪಳ ನಿಂತಿತು. ಸುಜಾತಾ ಮಗಳ ಮುಖವನ್ನು ನೋಡಿದರು, ಸೆರಗಿನಿಂದ ಅವಳ ಕೆನ್ನೆಗಳನ್ನು ಗಸಗಸ ಒರೆಸಿದರು, ತಮ್ಮ ಕಣ್ಣನ್ನೂ ಅದೇ ಸೆರಗಿನಲ್ಲಿ ಒರೆಸಿಕೊಂಡರು. “ಪೌಡರ್ ಗೀಡರ್ ಯಾರಿಗೂ ಬ್ಯಾಡ. ಹಗ್ಗ ಗಟ್ಟಿ ಹಿಡಿ, ಆಟೋದವ ಹೋಗಿಬಿಡ್ತಾನ” ಎಂದು ಗದರಿದರು. ಆಟೋದಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ, “ನೀವರ ಮೊದಲೇ ಹೇಳಬಾರದೇನ್ರಿ ಟೀಚರ್? ಕರೇದು ಅಂದಿದ್ರ ನಾ ಏನು…” ಎಂದು ಶುರು ಮಾಡಿ, ಸ್ವಲ್ಪ ಯೋಚಿಸಿ, “ಒಯ್ತಿದ್ದಿಲ್ಲ ಬಿಡ್ರಿ” ಎಂದು ನಕ್ಕರು. ಆ ಹೆಂಗಸಿನ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ಶನಿವಾರ ಬಂದ ಭಕ್ತರು ಕಾಡಿಗಿ ಇಲ್ಲವೆಂದು ತಿಳಿದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಹೇಳದೆ ಕೇಳದೆ ಹ್ಯಾಂಗ ಕೊಟ್ರಿ ಎಂದು ಬಟ್ಟೆ ಅಂಗಡಿಯವರು ಜಗಳಕ್ಕೇ ನಿಂತರು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಬಣ್ಣ ನೋಡುವ ಈ ಜನ ಎಂದು ಸಿಕ್ಕವರಿಗೆಲ್ಲ ಬೈದೆ, ಶಾಲೆಯಲ್ಲಿ ಬೈದೆ, ನಮ್ಮವರು ಊಟಕ್ಕೆ ಕೂತಾಗಲೂ ಬೈದೆ. ಹೀಗೆ ನಾನು ಲೋಕವನ್ನು ತಿದ್ದುತ್ತಿದ್ದಾಗ ಬಸಣ್ಣನವರೇ ಒಂದು ಬುಟ್ಟಿ ಹಿಡಿದುಕೊಂಡು ಬಂದರು. ಕಲ್ಲಿನ ರಾಶಿಯ ಸಂದಿಯಲ್ಲಿ ಸಿಕ್ಕವಂತೆ, ಒಂದರ ಮೇಲೊಂದು ಬಿದ್ದು ಕುಂಯ್‌ಗುಡುವ ಮರಿಗಳು. “ಅಯ್ಯ, ಎಷ್ಟು ಛಂದ ಅದ ನೋಡ್ರಿ ಇದು!” ಎಂದು ಕೂಗುತ್ತ ನಾನು ಒಂದನ್ನು ಎತ್ತಿ ಎದೆಗವಚಿಕೊಂಡೆ.

ಬಾಗಿಲಲ್ಲಿ ಕೂತಿದ್ದ ಅತ್ತೆ ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ಬುಟ್ಟಿಯಲ್ಲಿ ಮೂರು ಕರಿ ಮರಿಗಳು ತಲೆಯೆತ್ತಿ ನೋಡುತ್ತಿದ್ದವು. ನನ್ನ ಎದೆಯ ಮೇಲಿದ್ದದ್ದು ಬಿಳಿಯದು. ಅವಸರದಿಂದ ಅದನ್ನು ಇಳಿಸಿ ಒಂದು ಕರಿ ಮರಿಯನ್ನು ಎತ್ತಿಕೊಂಡು ಮುದ್ದಿಸಹೋದೆ. ಅದು ನನ್ನ ಬೆರಳನ್ನು ತನ್ನ ಹಾಲುಹಲ್ಲುಗಳಿಂದ ಚೆನ್ನಾಗಿಯೇ ಕಚ್ಚಿತು.