ರಿವರ್ಸ್ ಗೇರಿನಲ್ಲಿ ಒಂದು ಮೈದಾನ

ಶಾಲೆಯ ಮೈದಾನದ ನಟ್ಟನಡುವೆ ಹುಲ್ಲು ಕತ್ತರಿಸುವ ಗಾಡಿ ಮೊಂಡು ಹಿಡಿದು ನಿಂತಿತು. ಮೇಲೆ ಕೂತಿದ್ದ ಮಾಲಿ ಗೇರು ಹಾಕಿದ, ತೆಗೆದ, ಮತ್ತೆ ಹಾಕಿದ. ಎಂಜಿನ್ ಊರಿಗೆಲ್ಲ ಕೇಳುವಂತೆ ಗುಡುಗುತ್ತಿತ್ತು. ಚಕ್ರಗಳು ಮಾತ್ರ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತಿದ್ದವು. ಸಂಜೆ ಮಕ್ಕಳ ಪಂದ್ಯ. ಅದಕ್ಕೆ ಬರುವ ಆಡಳಿತ ಮಂಡಳಿಯ ಕಾರ್ಯದರ್ಶಿಯವರು ಈ ಹಳೇ ಗಾಡಿಯ ಸ್ಥಿತಿ ನೋಡಿ ಹೊಸದು ಕೊಡಿಸುವುದೋ ಬೇಡವೋ ಎಂದು ಇವತ್ತೇ ತೀರ್ಮಾನಿಸುವವರಿದ್ದರು. ಆ ಹೊಸ ಗಾಡಿಗಾಗಿ ಮಾಲಿ ವರ್ಷಗಟ್ಟಲೆ ಕಾಡಿ ಬೇಡಿ ಸುಸ್ತಾಗಿದ್ದ.

ಮೊದಲು ಓಡಿ ಬಂದವನು ಶಾಲೆಯ ವ್ಯಾನ್ ಡ್ರೈವರ್. "ಬೆಲ್ಟ್ ಹೋಗಿದೆ ಅಣ್ಣಾ, ಕಣ್ಣು ಮುಚ್ಚಿಕೊಂಡು ಹೇಳ್ತೀನಿ."

"ಕಣ್ಣು ಬಿಟ್ಟುಕೊಂಡೇ ನೋಡೋಣ," ಎಂದು ಮಾಲಿ ಗಾಡಿಯ ಕೆಳಗೆ ತೂರಿದ. ಬೆಲ್ಟ್ ಬಿಗಿಯಾಗಿಯೇ ಇತ್ತು.

ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಲೇ ಬಂದರು. "ಎಣ್ಣೆ ಕಮ್ಮಿಯಾಗಿರುತ್ತೆ. ಇಲ್ಲಾ ಜಾಸ್ತಿಯಾಗಿರುತ್ತೆ. ಎರಡರಲ್ಲೊಂದು!"

ಎಣ್ಣೆ ಇರಬೇಕಾದಷ್ಟೇ ಇತ್ತು. ಮೇಷ್ಟ್ರಿಗೆ ತುಸು ಬೇಜಾರಾಯಿತು. ಕೊನೆಗೆ ಅವರು ಹಿಂದೆ ನಿಂತು ಗಾಡಿಯನ್ನು ನೂಕಿದರು, ಡ್ರೈವರ್ ಗೇರ್ ರಾಡು ಹಿಡಿದು ಜಗ್ಗಿದ. ಗಾಡಿ ಗಕ್ಕನೆ ಹಿಂದಕ್ಕೆ ನೆಗೆದು ಮೇಷ್ಟ್ರನ್ನು ಹುಲ್ಲಿನ ರಾಶಿಯ ಮೇಲೆ ಕೂರಿಸಿತು.

ಮಾಲಿಯ ಮುಖ ಅರಳಿತು. "ಗೊತ್ತಾಯ್ತು! ರಿವರ್ಸ್ ಎಳೀತಾ ಇದೆ ಅಂದ್ರೆ ಬೆಲ್ಟೂ ಸರಿ, ಕ್ಲಚ್ಚೂ ಸರಿ. ಗೇರ್ ಬಾಕ್ಸ್ ಒಳಗೆ ಮುಂದಿನ ಗೇರಿನ ಹಲ್ಲು ಸವೆದುಹೋಗಿದೆ, ಅಷ್ಟೇ." ನಾಡಿ ಹಿಡಿದು ರೋಗ ಹೇಳುವ ವೈದ್ಯನನ್ನು ನೋಡುವಂತೆ ಇಬ್ಬರೂ ಅವನನ್ನೇ ನೋಡಿದರು.

"ಒಳ್ಳೇದೇ ಆಯ್ತು ಬಿಡಣ್ಣಾ," ಡ್ರೈವರ್ ಕಿವಿಯಲ್ಲಿ ಉಸುರಿದ. "ಹೀಗೇ ನಿಲ್ಲಿಸಿಬಿಡು. ಕಾರ್ಯದರ್ಶಿಯವರು ಕಣ್ಣಾರೆ ನೋಡ್ಲಿ. ಹೊಸದು ಬಂದ ಹಾಗೇನೇ!"

ಮಾಲಿ ಮೈದಾನದ ಕಡೆ ನೋಡಿದ. ಅರ್ಧ ಕ್ಷೌರಕ್ಕೇ ಎದ್ದುಬಂದ ತಲೆಯಂತಿತ್ತು.

"ಮಕ್ಕಳು ಇದರ ಮೇಲೆ ಆಡ್ಬೇಕಾ? ನನ್ನ ಕೈಲಾಗಲ್ಲಪ್ಪ," ಎಂದವನೇ ಗಾಡಿ ಏರಿ, ಕತ್ತು ಹಿಂದಕ್ಕೆ ತಿರುಗಿಸಿ, ರಿವರ್ಸ್ ಹಾಕಿದ.

ಉಳಿದ ಮೈದಾನವನ್ನೆಲ್ಲ ಹಿಂದುಹಿಂದಕ್ಕೇ ಓಡಿಸಿ ಕತ್ತರಿಸಿದ. ಒಂದೊಂದು ಸಾಲೂ ದಾರ ಹಿಡಿದಷ್ಟು ನೇರ! ಕಿಟಕಿಗಳಲ್ಲಿ ಮಕ್ಕಳು ಕೇಕೆ ಹಾಕಿದರು. ಮೇಷ್ಟ್ರು ಸೊಂಟದ ನೋವು ಮರೆತು ಸೀಟಿ ಊದಿದರು. ನಿಜಕ್ಕೂ ಅಂಥ ಕೈಚಳಕ ನೋಡಲು ಪುಣ್ಯ ಮಾಡಿರಬೇಕು.

ಬೇಗನೆ ಬಂದಿದ್ದ ಕಾರ್ಯದರ್ಶಿಯವರೂ ಗೇಟಿನ ಬಳಿ ಮೈಮರೆತು ನಿಂತಿದ್ದರು. ಡ್ರೈವರ್ ಬಾಯಿಂದ ಗೇರಿನ ಕತೆ ಕೇಳಿಕೊಂಡು, ಹತ್ತಿರ ಬಂದು ಮಾಲಿಯ ಎರಡೂ ಕೈ ಹಿಡಿದುಕೊಂಡರು.

"ಭೇಷ್! ಮುಂದಕ್ಕೇ ಹೋಗದ ಗಾಡೀಲಿ ಇಷ್ಟು ಚೆಂದದ ಕೆಲಸ! ನೀವಿರೋವಾಗ ಇದು ಇನ್ನೂ ಹತ್ತು ವರ್ಷ ಓಡುತ್ತೆ. ಹೊಸದನ್ನ ನಮ್ಮ ಇನ್ನೊಂದು ಶಾಲೆಗೆ ಕೊಟ್ಟುಬಿಡ್ತೀನಿ. ಅಲ್ಲಿಯ ಮಾಲಿಗೆ ಪಾಪ, ಏನೂ ಬರಲ್ಲ."

ಮಾಲಿ ಕೈ ಬಿಡಿಸಿಕೊಂಡು ಹಳೇ ಗಾಡಿಯ ಕೀಲಿ ತೆಗೆದ.

"ಹಾಂ, ನಾಳೆ ಒಂದು ಸಲ ಅಲ್ಲಿಗೆ ಹೋಗಿಬನ್ನಿ," ಎಂದರು ಕಾರ್ಯದರ್ಶಿ. "ಹೊಸ ಗಾಡಿ ಓಡಿಸೋದನ್ನ ಅವನಿಗೆ ನೀವೇ ಕಲಿಸಿಕೊಡಬೇಕು."